ಹುಷಾರಿನ ಲೆಕ್ಕ

ವಿಜ್ಞಾನದ ಟೀಚರಿಗೆ ಶಾಲೆಯಲ್ಲಿ ಇನ್ನೊಂದು ಹೆಸರಿತ್ತು: ಬೀಗದ ಟೀಚರ್. ಮಕ್ಕಳು ಅದನ್ನು ಬೆನ್ನ ಹಿಂದೆ ಹೇಳುತ್ತಿದ್ದರು, ಜೊತೆಯ ಟೀಚರುಗಳು ಮುಖದೆದುರೇ ಹೇಳಿ ನಗುತ್ತಿದ್ದರು, ಆಕೆಯೂ ಜೊತೆಗೆ ನಗುತ್ತಿದ್ದರು. ಆದರೆ ಆ ಹೆಸರು ಹೇಗೆ ಬಂತೆಂದು ನೆನಪಾದ ದಿನ ಆಕೆಗೆ ಊಟ ಸೇರುತ್ತಿರಲಿಲ್ಲ.

ಹದಿನೈದು ವರ್ಷದ ಹಿಂದೆ ಶಾಲೆಗೆ ಹತ್ತು ಕಂಪ್ಯೂಟರ್ ಬಂದವು, ಕೋಣೆಯ ಬೀಗದ ಕೈ ಟೀಚರ ಪಾಲಿಗೆ ಬಂತು. ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂತೋಷದ ಬೆನ್ನಿಗೇ ಭಯವೂ ಬಂತು. ಒಂದು ಕೆಟ್ಟರೆ ಇನ್ನೊಂದನ್ನು ಎಲ್ಲಿಂದ ತರುವುದು? ರಜೆಯಲ್ಲಿ ಕೂತು ಹೂವಿನ ಬಟ್ಟೆಯಲ್ಲಿ ಹತ್ತು ಕವರ್ ಹೊಲಿದರು, ಅಂಚಿಗೆ ಲೇಸು ಬೇರೆ. ಹೆತ್ತ ಮಗನಿಗೂ ಇಷ್ಟು ಒಪ್ಪವಾಗಿ ಒಂದು ಅಂಗಿ ಹೊಲಿಯಲಿಲ್ಲವಲ್ಲ ಎಂದು ಗಂಡ ಕೆಣಕಿದರು. ವಾರಕ್ಕೊಮ್ಮೆ ಮಕ್ಕಳ ಕೈ ತೊಳೆಸಿ, ಸಾಲಾಗಿ ಕರೆದೊಯ್ದು, ಕವರ್ ಎತ್ತಿ ತೋರಿಸಿ ಮತ್ತೆ ಮುಚ್ಚುವುದು. ಮುಟ್ಟುವ ಮಾತೇ ಇಲ್ಲ.

ಮುಟ್ಟದೆ ಕಲಿಯುವುದು ಹೇಗೆ ಎಂದು ಯಾರೋ ಕೇಳಿದಾಗ ಟೀಚರ್ ಅದಕ್ಕೂ ದಾರಿ ಹುಡುಕಿದರು. ಕಂಪ್ಯೂಟರ್ ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನೇ ಕತ್ತರಿಸಿ, ಸ್ಕೇಲಿಟ್ಟು ಗೆರೆ ಎಳೆದು, ಮಸಿಯಲ್ಲಿ ಅಕ್ಷರ ಬರೆದು ನಲವತ್ತು ಕೀಬೋರ್ಡ್ ಮಾಡಿ ಹಂಚಿದರು. ಮಕ್ಕಳು ಮನೆಯಲ್ಲೂ ಶಾಲೆಯಲ್ಲೂ ರಟ್ಟು ಕುಟ್ಟಿದ್ದೇ ಕುಟ್ಟಿದ್ದು. ಮೊದಲು ಕೈ ಪಳಗಲಿ, ಆಮೇಲೆ ನಿಜವಾದದ್ದನ್ನು ಮುಟ್ಟಿಸೋಣ ಎಂಬುದು ಆಕೆಯ ಯೋಚನೆ. ಆ ಆಮೇಲೆ ಬರಲೇ ಇಲ್ಲ. ಕಂಪ್ಯೂಟರುಗಳು ಕವರಿನೊಳಗೇ ಮುದಿಯಾದವು. ಗುಜರಿಯವನು ಒಯ್ಯಲು ಬಂದಾಗ ಪರದೆಗಳಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕೂಡ ಹಾಗೇ ಇತ್ತು.

"ಇಷ್ಟು ಹೊಸಾ ಗುಜರಿ ನಾನು ನೋಡೇ ಇಲ್ಲ ಮೇಡಂ" ಎಂದು ಆತ ಮೆಚ್ಚಿಕೊಂಡೇ ಹೇಳಿದ. ಟೀಚರ್ ಅಂದು ಮಧ್ಯಾಹ್ನ ಪಾಠ ಮಾಡಲಿಲ್ಲ.

ಈಗ ಇಪ್ಪತ್ತು ಕಂಪ್ಯೂಟರ್ ಕೊಳ್ಳುವ ಯೋಗ ಮತ್ತೆ ಬಂದಿತ್ತು. ಹೆಡ್‌ಮಾಸ್ಟರು ಆಯ್ಕೆಯ ಹೊಣೆಯನ್ನು ಆಕೆಯ ತಲೆಗೇ ಕಟ್ಟಿದರು. ಬೇಡವೇ ಬೇಡ ಎಂದು ಆಕೆ ತಪ್ಪಿಸಿಕೊಳ್ಳಲು ನೋಡಿದರು. ಕಂಪ್ಯೂಟರನ್ನು ನಿಮ್ಮಷ್ಟು ಪ್ರೀತಿಸಿದವರು ಇನ್ಯಾರಿದ್ದಾರೆ ಎಂದು ಅವರು ನಕ್ಕು ಆರ್ಡರಿನ ಕಾಗದ ಮುಂದಿಟ್ಟರು. ಟೀಚರಿಗೆ ಉಳಿದಿದ್ದು ಮೂರು ವರ್ಷದ ಸರ್ವಿಸ್. ಈ ಸಲವೂ ಎಡವಿದರೆ ಇನ್ನಷ್ಟು ಮಕ್ಕಳು ದೂರದಿಂದ ನೋಡಿಯೇ ಶಾಲೆ ಬಿಡುತ್ತಾರೆ, ಸರಿಪಡಿಸಲು ತಾನಿರುವುದಿಲ್ಲ ಎಂಬ ಯೋಚನೆ ಆಕೆಯನ್ನು ಹಗಲೆಲ್ಲ ಕೊರೆಯುತ್ತಿತ್ತು.

ಅಂಗಡಿಯವರು ಕಳಿಸಿದ ಮೂರು ಲ್ಯಾಪ್‌ಟಾಪ್ ಮಾದರಿಗಳನ್ನು ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಇಟ್ಟಿದ್ದರು. ಒಂದು ತೆಳ್ಳಗೆ, ಬೆಳ್ಳಿಬಣ್ಣದ್ದು. ಇನ್ನೊಂದು ಅಗಲ ಪರದೆಯ ಬಿಳಿಯದು. ಮೂರನೆಯದು ಯಾವುದೋ ಕಚೇರಿಯಲ್ಲಿ ದುಡಿದು, ರಿಪೇರಿಯಾಗಿ, ಹೊಸ ಕೀಬೋರ್ಡ್ ಕಟ್ಟಿಕೊಂಡು ಬಂದ ದಪ್ಪ ಕರಿಯದು. ಸಲಹೆಗೆಂದು ಹೆಡ್‌ಮಾಸ್ಟರು ಕಂಪ್ಯೂಟರ್ ರಿಪೇರಿ ಅಂಗಡಿಯ ಯುವತಿಯೊಬ್ಬಳನ್ನು ಕರೆಸಿದ್ದರು. ಅಂಗಿಯ ಜೇಬಿನಲ್ಲಿ ಎರಡು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ ಅವಳು ಮೂಲೆಯಲ್ಲಿ ನಿಂತು ನೋಡುತ್ತಿದ್ದಳು.

ಟೀಚರ ಕಣ್ಣು ಬೆಳ್ಳಿಬಣ್ಣದ್ದರ ಮೇಲೆ ನೆಟ್ಟುಹೋಯಿತು. ಎಂಥ ನುಣುಪು, ಎಂಥ ಹೊಳಪು. ಕೈ ತಾನಾಗಿ ಚಾಚಿ ಅದರ ಮೇಲೆ ಗೇಣು ಹಾಕಿತು, ಅಗಲಕ್ಕೊಂದು, ಉದ್ದಕ್ಕೆ ಒಂದೂವರೆ.

"ಕವರಿಗೆ ಅಳತೆ ತಗೊಳ್ತಿದೀರಾ ಟೀಚರ್?" ಎಂದಳು ರಿಪೇರಿಯ ಯುವತಿ.

ಟೀಚರ್ ಬಿಸಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಕವರಿನ ವಿಷಯ ಹೊರಗಿನವಳಿಗೆ ಹೇಗೆ ಗೊತ್ತು? ಮುಖವನ್ನು ದಿಟ್ಟಿಸಿ ನೋಡಿದಾಗ ಹೊಳೆಯಿತು: ಎರಡನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಹುಡುಗಿ. ಇವಳೂ ರಟ್ಟು ಕುಟ್ಟಿದವಳೇ. ಟೀಚರಿಗೆ ನಿಂತಲ್ಲೇ ನಾಚಿಕೆಯಾಯಿತು.

ಯಾವುದನ್ನು ಕೊಳ್ಳಲಿ ಎಂದು ಕೇಳಿದರೆ ಯುವತಿ, ಏಳನೇ ಕ್ಲಾಸಿನ ಮಕ್ಕಳನ್ನು ಅರ್ಧ ಗಂಟೆ ಕಳಿಸಿ ಎಂದಳು. ಮಕ್ಕಳು ಬಂದು ಜೇನುಹುಳುಗಳ ಹಾಗೆ ಮುತ್ತಿಕೊಂಡರು, ಟೀಚರ್ ಪಕ್ಕದಲ್ಲೇ ಕಾವಲು ನಿಂತರು. ಮೊದಲು ಬೆಳ್ಳಿಬಣ್ಣದ್ದು, ಆಮೇಲೆ ಬಿಳಿಯದು, ಕೊನೆಗೆ ಕರಿಯದು. ಕರಿಯದರ ಸರದಿ ಬಂದಾಗ ಒಬ್ಬ ಹುಡುಗಿಯ ಉಗುರಿಗೆ ಸಿಕ್ಕಿ ಕೀಬೋರ್ಡಿನ ಒಂದು ಕೀಲಿ ಪಟ್ಟನೆ ಎಗರಿ ನೆಲಕ್ಕೆ ಬಿತ್ತು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ರಿಪೇರಿಯವಳು ಬಗ್ಗಿ ಹೆಕ್ಕಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿ, "ಆಯ್ತು, ಮುಂದೆ ಹೊಡಿ" ಎಂದಳು.

ಮಕ್ಕಳು ಹೋದ ಮೇಲೆ ಅವಳು ಅಂಗೈಯನ್ನು ಟೀಚರಿಗೆ ತೋರಿಸಿದಳು. ಅಲ್ಲಿ ಪೆನ್ನಿನ ಗೀಟುಗಳಿದ್ದವು.

"ಬೆಳ್ಳಿದಕ್ಕೆ ನೀವು ಹನ್ನೊಂದು ಸಲ ಹುಷಾರು ಅಂದ್ರಿ. ಬಿಳೀದಕ್ಕೆ ಏಳು. ಕರೀದಕ್ಕೆ ಒಂದ್ಸಲಾನೂ ಅನ್ಲಿಲ್ಲ, ಕೀಲಿ ಕಿತ್ತುಬಂದಾಗಲೂ. ಅದನ್ನೇ ತಗೊಳ್ಳಿ ಟೀಚರ್. ನಿಮಗೆ ಭಯ ಇಲ್ಲದ್ದನ್ನ ಮಾತ್ರ ಮಕ್ಕಳು ಮುಟ್ಟೋಕಾಗೋದು."

ಟೀಚರ್ ಕುರ್ಚಿ ಎಳೆದುಕೊಂಡು ಕೂತರು. ಇಷ್ಟು ವರ್ಷ ಎದೆಯ ಮೇಲಿದ್ದದ್ದು ಬಾಯಿಗೆ ಬಂತು. "ನಿಮಗೆಲ್ಲ ಅನ್ಯಾಯ ಮಾಡ್ಬಿಟ್ಟೆ ಮಗಳೇ. ಹತ್ತು ಕಂಪ್ಯೂಟರ್ ಎದುರಿಗಿಟ್ಕೊಂಡು ಕೈಗೆ ರಟ್ಟು ಕೊಟ್ಟೆ."

ಯುವತಿ ತನ್ನ ಸಾಮಾನಿನ ಚೀಲದ ತಳಕ್ಕೆ ಕೈ ಹಾಕಿ ಒಂದು ರಟ್ಟಿನ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಅಂಚು ಸವೆದು ಮೆತ್ತಗಾಗಿತ್ತು. ಸ್ಕೇಲಿಟ್ಟು ಎಳೆದ ಗೆರೆಗಳು ಅಲ್ಲಲ್ಲಿ ಕಾಣುತ್ತಿದ್ದವು, ಅಕ್ಷರಗಳು ಬಹುತೇಕ ಅಳಿಸಿಹೋಗಿದ್ದವು. ಕುಟ್ಟಿ ಕುಟ್ಟಿ ಅಳಿಸಿದ್ದು ತಾನೇ, ಅಷ್ಟು ಹೊತ್ತಿಗೆ ಬೆರಳಿಗೆ ಎಲ್ಲವೂ ಬಾಯಿಪಾಠವಾಗಿತ್ತು ಎಂದು ಅವಳು ಹೇಳಿದಳು. ಮೊದಲ ಕೆಲಸ ಕೇಳಲು ಹೋದಾಗ ಅವಳು ಅದುವರೆಗೆ ನಿಜವಾದ ಕೀಬೋರ್ಡ್ ಮುಟ್ಟಿಯೇ ಇರಲಿಲ್ಲ. ಆದರೂ ಕಣ್ಣು ಕೆಳಗೆ ಹಾಕದೆ ಒಂದು ಪುಟ ಟೈಪ್ ಹೊಡೆದು ಕೊಟ್ಟಿದ್ದಳಂತೆ.

"ಕವರ್ ಮೇಲೆ ನಂಗೆ ಸಿಟ್ಟಿತ್ತು, ಸುಳ್ಳು ಹೇಳಲ್ಲ" ಎಂದಳು. "ಆದ್ರೆ ನಲವತ್ತು ಜನಕ್ಕೆ ಕೂತು ಒಂದೊಂದೇ ಅಕ್ಷರ ಬರೆದು ಕೊಟ್ಟೋರು ನೀವು. ನಾನಿವತ್ತು ತಿನ್ನೋ ಊಟ ಈ ರಟ್ಟಿಂದು."

ಟೀಚರಿಗೆ ರಟ್ಟು ಸರಿಯಾಗಿ ಕಾಣದಾಯಿತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಋಣ ಎಂಬುದು ಯಾರಿಂದ ಯಾರಿಗೆ ಎಂದು ಆ ಗಳಿಗೆಯಲ್ಲಿ ಆಕೆಗೆ ಬಗೆಹರಿಯಲಿಲ್ಲ. ನೀನು ಬಂದೆಯಲ್ಲ, ಅಷ್ಟೇ ಸಾಕು ಎಂದು ಅವಳ ಕೈ ಹಿಡಿದುಕೊಂಡರು. ಆಮೇಲೆ ಕಾಗದ ಎಳೆದು ಕರಿಯದರ ಮುಂದೆ ಗುರುತು ಹಾಕಿ ಸಹಿ ಮಾಡಿದರು.

ಇಪ್ಪತ್ತು ಕಂಪ್ಯೂಟರ್ ಬಂದು ಎರಡು ವಾರವಾಗಿತ್ತು. ಒಂದು ಸಂಜೆ ಬೀಗದ ಟೀಚರ್ ರಿಪೇರಿ ಅಂಗಡಿಯ ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿದರು. ಕೈಯಲ್ಲಿ ಹಳೆಯ ಹೂವಿನ ಬಟ್ಟೆಯ ಒಂದು ತುಂಡು, ಅದರಲ್ಲಿ ಗಂಟು ಕಟ್ಟಿದ, ಕೀಬೋರ್ಡಿನ ಎರಡು ಮುರಿದ ಕೀಲಿಗಳು.

ಗಂಟು ಬಿಚ್ಚಿ ಮೇಜಿನ ಮೇಲಿಟ್ಟು, ಮನೆಗೆ ಮೊಮ್ಮಗು ಬಂದ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು: "ಮುರೀತಮ್ಮ."