ಕಾರಣ ಬರೆಯುವ ಸಾಲು

ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಕಾಲೇಜಿನ ಕಾವಲುಗಾರ ಓಬಣ್ಣ, ಉಜ್ಜಿನಪ್ಪ ತಂದ ಸೈಕಲ್ಲಿಗೆ ಸರಪಳಿ ಹಾಕಿ ಬೀಗ ಜಡಿದ. ೧೯೫೧ರ ಫೆಬ್ರವರಿ, ಊರು ಬಳ್ಳಾರಿ. ಸೈಕಲ್ಲು ನಿಂತದ್ದು ಪ್ರಿನ್ಸಿಪಾಲರ ಕಾರಿನ ಜಾಗದಲ್ಲಿ. ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿದ.

ಆ ದಿನ ಬೆಳಿಗ್ಗೆ ಎಂಟಕ್ಕೆ ಕುರುಗೋಡಿನಲ್ಲಿ ಉಜ್ಜಿನಪ್ಪನ ಅಕ್ಕ ಜಂಬಮ್ಮ ತೀರಿಕೊಂಡಿದ್ದಳು. ದಿನಕ್ಕಿದ್ದ ಒಂದೇ ಬಸ್ಸು ಆಗಲೇ ಹೋಗಿತ್ತು. ಪಕ್ಕದ ಮನೆಯ ಸೈಕಲ್ಲು ಕೇಳಿ ತೆಗೆದುಕೊಂಡು ಹದಿನೆಂಟು ಮೈಲಿ ತುಳಿದು ಬಂದಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಈ ಕಾಲೇಜಿನಲ್ಲಿ ಓದುತ್ತಿದ್ದ ಅವಳ ಒಬ್ಬನೇ ಮಗ ಕೊಟ್ರಬಸಪ್ಪ ಅಷ್ಟರೊಳಗೆ ಊರು ಮುಟ್ಟಬೇಕು. ಆದರೆ ಸಾವಿನ ಸುದ್ದಿಯನ್ನು ಪರ ಊರಿನಲ್ಲಿ ಹೇಳುವ ರೂಢಿ ಅವರ ಮನೆತನದಲ್ಲಿರಲಿಲ್ಲ. ಊರು ಮುಟ್ಟಿದ ಮೇಲೆ, ಹಿಡಿದುಕೊಳ್ಳಲು ನಾಲ್ಕು ಜನ ಇರುವಲ್ಲಿ ಹೇಳಬೇಕು. ಅಲ್ಲಿಯವರೆಗೆ ಒಂದೇ ಮಾತು: ಆರಾಮಿಲ್ಲ.

"ಹೋದ ಸಲನೂ ಅವ್ವ ಆರಾಮಿಲ್ಲ ಅಂತ ಕರಿಸಿ ಹೋಳಿಗಿ ಉಣಿಸಿ ಕಳಿಸಿದ್ಲು," ಎಂದು ಕೊಟ್ರಬಸಪ್ಪ ನಕ್ಕ. "ಸೋಮವಾರ ಪರೀಕ್ಷಿ ಐತಿ ಮಾವ. ಮುಗಿಸಿ ಬರ್ತೀನಿ ಅಂತ ಹೇಳು."

"ಪರೀಕ್ಷಿ ಇರ್ಲಿ. ನಡಿ."

"ನಡೀಬೇಕಷ್ಟ. ಸೈಕಲ್ಲಿಗೆ ಬೀಗ ಬಿದ್ದೈತಲ್ಲ."

ಚೀಟಿ ಇಂಗ್ಲಿಷಿನಲ್ಲಿತ್ತು. ಕೊಟ್ರಬಸಪ್ಪ ಓದಿ ಹೇಳಿದ: ಕಾರಣ ಬರೆದುಕೊಟ್ಟು ನಾಲ್ಕು ಗಂಟೆಗೆ ಬಿಡಿಸಿಕೊಳ್ಳಬೇಕು. ನಾಲ್ಕಕ್ಕೆ ಹೊರಟರೆ, ಇಬ್ಬರ ಭಾರಕ್ಕೆ ಏಳಾಗುತ್ತದೆ ಎಂದು ಉಜ್ಜಿನಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೀಗದಕೈ ಇದ್ದದ್ದು ಗುಮಾಸ್ತರ ಹತ್ತಿರ. ಅವರು ಊಟ ಮುಗಿಸಿ ಬಂದಾಗ ಒಂದೂವರೆ.

ಗುಮಾಸ್ತರು ತೆನಾಲಿಯ ಕಡೆಯವರು. ಬಳ್ಳಾರಿಗೆ ಬಂದು ಎರಡು ತಿಂಗಳಾಗಿತ್ತು. ಕನ್ನಡ ತಕ್ಕಮಟ್ಟಿಗೆ ಆಡುತ್ತಿದ್ದರು. ಅಕ್ಷರ ಮಾತ್ರ ತೆಲುಗಿನ ಬಲದಿಂದ ಕೂಡಿಸಿ ಕೂಡಿಸಿ ಓದಬೇಕಿತ್ತು.

"ಕಾರಣ?"

"ಇವನ ತಾಯಿಗೆ ಆರಾಮಿಲ್ರಿ ಸ್ವಾಮಿ."

"ಎಲ್ಲರ ತಾಯಿಗೂ ಇರೋದಿಲ್ಲಯ್ಯಾ. ನಾಲ್ಕಕ್ಕೆ ಬನ್ನಿ."

ಉಜ್ಜಿನಪ್ಪ ಪಕ್ಕದಲ್ಲಿ ನಿಂತಿದ್ದ ಹುಡುಗನ ಕಡೆ ನೋಡಿದ. ನಿಜವನ್ನು ತೆಲುಗಿನಲ್ಲಿ ಹೇಳೋಣವೆಂದರೆ ಅವನಿಗೂ ತೆಲುಗು ಬರುತ್ತಿತ್ತು.

"ಲೇ ಕೊಟ್ರ, ರೂಮಿಗೆ ಹೋಗಿ ನಿನ್ನ ಅರಿವಿ ತಗೊಂಬಾ."

"ಒಂದ್ ರಾತ್ರಿಗೆ ಅರಿವಿ ಯಾಕ?"

"ಹೇಳಿದಷ್ಟು ಮಾಡು."

ಹುಡುಗ ಅತ್ತ ಹೋದದ್ದೇ ಉಜ್ಜಿನಪ್ಪ ಚೀಟಿ ಎಳೆದುಕೊಂಡ. ಬಾಯಿಂದ ಆ ಮಾತು ಹೊರಡಲಿಲ್ಲ. ಕಾರಣದ ಸಾಲಿನಲ್ಲಿ ತನಗೆ ಬರುವ ಕನ್ನಡದಲ್ಲಿ ಬರೆದ. ಅಕ್ಕನ ಹೆಸರಿನ ಮುಂದೆ ಮಸಿ ಚೆಲ್ಲಿತು. ಒರೆಸಿ, ಪೂರ್ತಿ ಮಾಡಿ, ಚೀಟಿ ಮುಂದಕ್ಕೆ ತಳ್ಳಿದ.

ಗುಮಾಸ್ತರು ಕನ್ನಡಕ ಏರಿಸಿಕೊಂಡು, ಶಾಲೆಯ ಹುಡುಗರಂತೆ ಗಟ್ಟಿಯಾಗಿ ಕೂಡಿಸತೊಡಗಿದರು. "ನನ್... ನ ಅಕ್... ಕ ಜಂ... ಬಮ್ಮ..."

"ಮನಸಿನ್ಯಾಗ ಓದ್ರಿ ಸ್ವಾಮಿ," ಎಂದ ಉಜ್ಜಿನಪ್ಪ.

"ಮನಸ್ಸಿನಲ್ಲಿ ಓದಿದರೆ ನನಗೆ ತಿಳಿಯೋದಿಲ್ಲಪ್ಪಾ. ಬೆಳಿಗ್ಗೆ... ಲಿಂ... ಗೈ... ಕ್ಯ... ಳಾದಳು." ಅವರು ತಲೆ ಎತ್ತಿದರು. ಬಾಗಿಲಲ್ಲಿ ಕೊಟ್ರಬಸಪ್ಪ ಚೀಲ ಹಿಡಿದು ನಿಂತಿದ್ದ. ಅವರು ಅವನನ್ನೇ ಕೇಳಿದರು. "ಲಿಂಗೈಕ್ಯ ಅಂದರೆ ಏನಯ್ಯಾ?"

ಕೊಟ್ರಬಸಪ್ಪ ಮಾವನ ಮುಖ ನೋಡಿದ. ಉಜ್ಜಿನಪ್ಪ ನೆಲ ನೋಡುತ್ತಿದ್ದ.

"ಸತ್ತಾಳ ಅಂತ, ಸಾರ್," ಎಂದ ಕೊಟ್ರಬಸಪ್ಪ. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳುವವನ ದನಿಯಲ್ಲೇ ಹೇಳಿದ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೆ ಕುಳಿತ.

ಗುಮಾಸ್ತರು ಓಬಣ್ಣನನ್ನು ಕರೆಯಲಿಲ್ಲ. ತಾವೇ ಬೀಗದಕೈ ತೆಗೆದುಕೊಂಡು ಬಿಸಿಲಿಗೆ ಇಳಿದರು.

ದಾರಿಯಲ್ಲಿ ಸಿಗುವ ಕೋಳೂರಿನವರೆಗೂ ಕೊಟ್ರಬಸಪ್ಪನೇ ತುಳಿದ. ಮುಚ್ಚಿಡುವ ಕೆಲಸ ಮುಗಿದಿದ್ದರಿಂದ ಉಜ್ಜಿನಪ್ಪ ಹಿಂದೆ ಕುಳಿತು ಅಳುತ್ತಿದ್ದ. ಇಬ್ಬರೂ ಕುರುಗೋಡು ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಐದೂವರೆಗೆ ಜಂಬಮ್ಮನನ್ನು ಮಣ್ಣು ಮಾಡಿದರು. ಮೊದಲ ಹಿಡಿ ಮಗ ಹಾಕಿದ.