ತೆನ್ಮಾ ಗಲ್ಲಿಯಲ್ಲಿ ಇನ್ನೊಬ್ಬರಿಗೆ ಜಾಗ

ಮತ್ತೆ ರೈಲು, ತಲೆ ಮೇಲೆಯೇ, ಕಪಾಟಿನ ಗ್ಲಾಸುಗಳೆಲ್ಲ ಕಿಣಿಕಿಣಿ, ಅದು ನಿಲ್ಲುವಷ್ಟರಲ್ಲಿ ಎದುರಿನ ಆಕ್ಟೋಪಸ್ ಉಂಡೆಯವಳ ಕೂಗು, ಬಿಸಿಬಿಸಿ ಬನ್ರೀ, ನಾಲಿಗೆ ಸುಟ್ರೆ ನನ್ನ ಬೈಬೇಡಿ — ಈ ಗಲ್ಲಿಗೆ ಬಾಯಿ ಮುಚ್ಚಿ ಗೊತ್ತೇ ಇಲ್ಲ, ಮಧ್ಯಾಹ್ನದಿಂದಲೇ ಕೆಂಪು ಲಾಂದ್ರ, ಸುಟ್ಟ ಮಾಂಸದ ಹೊಗೆ, ಹಸಿದ ಒಸಾಕಾ ಓಡಿ ಬರುವುದೇ ನಮ್ಮ ತೆನ್ಮಾಕ್ಕೆ, ನನ್ನ ಅಂಗಡಿಯೊಂದನ್ನು ಬಿಟ್ಟು, ಹಾಳಾದ್ದು. ನಿಂತೇ ಕುಡಿದು ಹೋಗುವ ಅಂಗಡಿ, ಕುರ್ಚಿಯಿಲ್ಲ, ಒಂದೇ ಕೌಂಟರು, ಅದೂ ಖಾಲಿ. ಇವತ್ತು ಸಂಜೆ ಭಾವ ಅಂಗಡಿಯ ಕೀಲಿಕೈ ಕೇಳಲು ಬರುತ್ತಾರೆ. ನೋಡು ಇಕುಯೊ, ತಮ್ಮ ಇದ್ದಾಗ ಹೇಗೆ ತುಂಬ್ತಿತ್ತು, ಹಾಗೆ ಒಂದು ಸಂಜೆ ತುಂಬಿದ್ದು ಕಣ್ಣಾರೆ ಕಂಡ್ರೆ ನಾನು ತುಟಿ ಬಿಚ್ಚಲ್ಲ, ಇಲ್ದಿದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ, ಎಂದಿದ್ದಾರೆ. ಜಾಗ ಅವರದು, ಮಾತೂ ಅವರದು, ಇಷ್ಟು ವರ್ಷ ನಿಂತು ಊದಿಕೊಂಡ ಕಾಲು ಮಾತ್ರ ನನ್ನದು.

ತೊಕುಜಿ, ನನ್ನ ಗಂಡನೇ, ನೀನು ವಸಂತದಲ್ಲಿ ಕಣ್ಣು ಮುಚ್ಚಿದೆ, ಮೂಲಂಗಿ ಮೊಟ್ಟೆ ಬೇಯುವ ನಿನ್ನ ಓದೆನ್ ಸಾರಿನ ಹಂಡೆಯನ್ನು ಒಂದು ದಿನವೂ ಬರಿದು ಮಾಡಿದವನಲ್ಲ, ಉಳಿದ ಸಾರಿಗೇ ಹೊಸದನ್ನು ಸುರಿದು ಸುರಿದು ಕಡುಗಪ್ಪಾಗಿತ್ತು, ನಿನ್ನ ಅಂತ್ಯಕ್ರಿಯೆಯ ದಿನ ಓರಗಿತ್ತಿ ಅಕ್ಕರೆಯಿಂದ ಎಲ್ಲ ಚೆಲ್ಲಿ ಸೋಪು ಹಾಕಿ ಉಜ್ಜಿಟ್ಟಳು, ಪಾಪ ಎಷ್ಟು ಕಪ್ಪಾಗಿತ್ತು, ಈಗ ನೋಡಮ್ಮ ಲಕಲಕ ಅಂತಿದೆ! ಅಳಬೇಕೋ ನಗಬೇಕೋ. ಆಮೇಲೆ ನಿನ್ನ ರುಚಿಯ ಬೆನ್ನು ಹತ್ತಿ ಸೋಯಾ ಮೇಲೆ ಸೋಯಾ ಸುರಿದೆ, ಮಾರ್ಕೆಟ್ಟಿನ ಮೀನಿನ ಮುದುಕ ಉಕಿತಾ ಒಂದು ಗುಟುಕಿಗೇ ಬಟ್ಟಲು ಇಟ್ಟು, ಅಕ್ಕಾ, ಇದು ಸಾರೋ ಶಾಯಿಯೋ, ಎಂದು ಹೊರಟೇಹೋದ, ಬಂದ ಒಬ್ಬಿಬ್ಬರು ಮೊಣಕೈ ಅಗಲಿಸಿ ರಾಜರಂತೆ ನಿಂತರು — ನಿನ್ನ ಕಾಲದಲ್ಲಿ ಕೌಂಟರು ಭರ್ತಿಯಾದ ಮೇಲೂ ಒಬ್ಬ ಇಣುಕಿದರೆ ಇಲ್ಲ ಎಂದವರುಂಟೇ, ಎಲ್ಲರೂ ಓರೆಯಾಗಿ, ಒಂದು ಹೆಗಲು ಕೌಂಟರಿಗೆ, ಒಂದು ಹೆಗಲು ಗಲ್ಲಿಗೆ, ಒಬ್ಬರಾದ ಮೇಲೊಬ್ಬರು ತಿರುಗಿ ಜಾಗ ಮಾಡಿಕೊಡುತ್ತಿದ್ದರು. ನಿನ್ನೆ ಸಾಕಪ್ಪಾ ಸಾಕು ಎನಿಸಿತು. ತ್ಸುರುಗಾ ಬಂದರಿನಲ್ಲಿ ಕಡಲಪಾಚಿ ಹೆರೆಯುವವನ ಮಗಳು ನಾನು, ಸತ್ತವನ ನಾಲಿಗೆ ನನಗೇಕೆ? ಅಪ್ಪನ ಊರಿನ ಒಣಪಾಚಿಯನ್ನೇ ತಣ್ಣೀರಲ್ಲಿ ನೆನೆಹಾಕಿದೆ, ಬೆಳಿಗ್ಗೆ ನೋಡಿದರೆ ತಿಳಿ ಹೊಂಬಣ್ಣ, ಅದಕ್ಕೇ ಮೂಲಂಗಿ, ಮೊಟ್ಟೆ, ದನದ ನರ, ಸಣ್ಣ ಉರಿ. ಬೈಬೇಡ ಕಣೋ, ಇದು ನನ್ನ ಹಂಡೆ.

ಯಾರದು, ಉಕಿತಾ, ಮೂಗರಳಿಸಿಕೊಂಡು, ಏನಕ್ಕಾ ಇವತ್ತು ಬೇರೆ ವಾಸನೆ, ಕೊಟ್ಟೆ, ಕುಡಿದ, ಬಟ್ಟಲು ಕೆಳಗಿಡಲಿಲ್ಲ, ಇನ್ನೊಂದು ಗುಟುಕು, ಮಾತಾಡೋ ಮುದುಕಾ — ಅಲ್ಲಮ್ಮಾ, ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ಎಂದವನೇ ಗಲ್ಲಿಗೆ ತಲೆ ಹಾಕಿ, ಏಯ್, ಬರ್ರೋ, ಸಾಯೋ ಮುಂಚೆ ಕುಡೀರೋ! ತನ್ನ ಮೀನನ್ನೇ ಹೊಗಳದ ಬಾಯಿ ಅದು. ಬಂದರು, ಪಚಿಂಕೊ ಜೂಜಾಡಿ ಕೈ ಬರಿದಾದವರು, ಆಫೀಸಿನ ಇಬ್ಬರು ಹುಡುಗಿಯರು, ಒಲೆ ಬಿಟ್ಟು ಉಂಡೆಯವಳೂ, ನನಗೊಂದು ಮೂಲಂಗಿ ಹಾಕೇ, ಬೇಗ! ಮೊಣಕೈಗಳು ಒಳಗೆ, ಗ್ಲಾಸಿಗೆ ಗ್ಲಾಸು, ಗದ್ದಲವೋ ಗದ್ದಲ, ಅಯ್ಯೋ ನನ್ನಪ್ಪಾ, ಬಟ್ಟಲು ಸಾಲದು.

ಬಾಗಿಲ ಪರದೆ ಸರಿಯಿತು, ಭಾವ, ಕಪ್ಪು ಕೋಟು, ಕೀಲಿಕೈಗೆಂದು ಚಾಚಿದ ಕೈ ಅರ್ಧಕ್ಕೇ ನಿಂತಿದೆ. ಯಜಮಾನ್ರೇ, ಬಾಗ್ಲಲ್ಲಿ ನಿಂತ್ರೆ ಸಾರು ಆರೋಗುತ್ತೆ, ಓರೆಯಾಗಿ ಬನ್ನಿ, ಓರೆಯಾಗಿ, ಉಕಿತಾ ತೋಳು ಹಿಡಿದು ಎಳೆದೇಬಿಟ್ಟ. ಭಾವ ಮೂಲಂಗಿ ಸಾಸಿವೆಗೆ ತಾಗಿಸಿ ಬಾಯಿಗಿಟ್ಟರು, ನುಂಗಿದರು, ಕಣ್ಣೊರೆಸಿಕೊಂಡರು, ಸಾಸಿವೆ ಖಾರ ಕಣಮ್ಮ. ಆಗಲಿ, ಸಾಸಿವೆಯೇ ಆಗಲಿ, ಗೆದ್ದೆ, ತೊಕುಜಿ, ನಾನು ಗೆದ್ದೆ. ಆಗ ಪರದೆಯಾಚೆಯಿಂದ ಅಪರಿಚಿತ ಹೆಂಗಸೊಬ್ಬಳು, ಒಬ್ಬಳಿಗೆ ಜಾಗ ಇದೆಯಾ? ನಾನಿನ್ನೂ ಬಾಯಿ ತೆರೆದಿಲ್ಲ, ಭಾವನ ಬಾಯಿ ತುಂಬ ಮೊಟ್ಟೆ, ಮೊಣಕೈ ಒಳಗೆಳೆದುಕೊಳ್ಳುತ್ತಾರೆ, ಆ ಕಪ್ಪು ಕೋಟಿನ ಹೆಗಲು ತಿರುಗುತ್ತದೆ, ಅಂಗಡಿ ಮುಚ್ಚಿಸಲು ಬಂದ ಹೆಗಲು, ಜಾಗ ಕೊಡುತ್ತ, ತಿರುಗುತ್ತದೆ, ಆ ಹೆಗಲು —