ಹಸಿವಿಲ್ಲದ ಮೀನಿಗೆ ಕಟ್ಟಿದ ನೊಣ

ನಾನೊಂದು ನೊಣ. ಹಾರುವ ನೊಣವಲ್ಲ, ಮೀನು ಹಿಡಿಯಲು ಗಾಳಕ್ಕೆ ಕಟ್ಟಿದ ನೊಣ. ಸ್ಕಾಟ್ಲೆಂಡಿನ ಉತ್ತರದಲ್ಲಿ, ಹೊಳೆದಂಡೆಯ ಪುಟ್ಟ ಅಂಗಡಿಯಲ್ಲಿ, ಮೋರಾಗ್ ಎಂಬ ಮುದುಕಿ ಕೊಕ್ಕೆಗೆ ಹುಂಜದ ಗರಿ, ಅಳಿಲ ಬಾಲದ ಕೂದಲು, ಬೆಳ್ಳಿಯ ಎಳೆ ಸುತ್ತಿ ನನ್ನನ್ನು ಹುಟ್ಟಿಸಿದಳು. ಕೊನೆಗೆ ಕೊಕ್ಕೆಯ ತುದಿಯಲ್ಲಿ ಮೀನನ್ನು ಜಾರದಂತೆ ಹಿಡಿಯುವ ಹಿಮ್ಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿದಳು. ಹಿಡಿಯಲೆಂದು ಹುಟ್ಟಿಸಿ ಹಿಡಿತವನ್ನೇ ಯಾಕೆ ಕಿತ್ತಳೋ, ನನಗೆ ತಿಳಿಯಲಿಲ್ಲ.

ನನ್ನನ್ನು ಕೊಂಡವಳು ಕರ್ನಾಟಕದ ಕರಾವಳಿಯ ಗಂಗೊಳ್ಳಿಯಿಂದ ಬಂದ ಜಲಜ, ಈ ಹೊಳೆಯೂರಿನ ಆಸ್ಪತ್ರೆಯಲ್ಲಿ ನರ್ಸ್. ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಮರಳುವ ಸಾಲ್ಮನ್ ಮೀನು ಏನನ್ನೂ ತಿನ್ನುವುದಿಲ್ಲವೆಂದು ಅವಳೇ ಒಮ್ಮೆ ಹೇಳಿದಳು. ಹಾಗಾದರೆ ನಾನು ಯಾರ ಊಟ?

ಒಂದು ಸೆಪ್ಟೆಂಬರಿನಲ್ಲಿ ಜಲಜಳ ತಾಯಿ ಬಾಗಿಯಮ್ಮ ಊರಿನಿಂದ ಬಂದರು. ಬುಟ್ಟಿ ಹೊತ್ತು ಮೀನು ಮಾರಿ ಮಗಳನ್ನು ಓದಿಸಿದವರು. ಆದರೆ ಒಂದು ಮೀನನ್ನೂ ತಾವೇ ಹಿಡಿದವರಲ್ಲ. ಮಗಳ ರಬ್ಬರ್ ಬೂಟು ತೊಟ್ಟು, ಸೀರೆ ಎತ್ತಿ ಕಟ್ಟಿ, ನೀರಿನಂಚಿನಲ್ಲಿ ನಿಂತು ಗಾಳದ ಕೋಲು ಬೀಸಿದರು. ಮೊದಲು ನಾನು ಹೋಗಿ ಕೂತದ್ದು ಅವರದೇ ಸೆರಗಿನಲ್ಲಿ, ಆಮೇಲೆ ಪೊದೆಯಲ್ಲಿ, ಆಮೇಲೆ ಹೇಗೋ ನೀರಿನಲ್ಲಿ.

ಒಮ್ಮೆಲೇ ಕತ್ತಲಾಯಿತು. ಒಂದು ಬಾಯಿ ನನ್ನ ಮೇಲೆ ಮುಚ್ಚಿಕೊಂಡಿತ್ತು.

ಬಾಗಿಯಮ್ಮ ಕೋಲು ಬಿಡಲಿಲ್ಲ. ಬಹಳ ಹೊತ್ತು ಎಳೆದಾಡಿದ ಮೇಲೆ ಜಲಜ ಬಲೆಯೊಡ್ಡಿದಳು. ತೋಳುದ್ದದ ಹೆಣ್ಣು ಮೀನು.

"ಇದನ್ನ ಬಿಡ್ಕ್ ಅಮ್ಮ. ಮೊಟ್ಟೆ ಇಡೂಕ್ ಹೊರ್ಟದ್ದ್. ಇಲ್ಲಿ ಕೊಲ್ಲೂಕಿಲ್ಲ" ಎಂದಳು ಜಲಜ.

"ಬಿಡುದಾದ್ರೆ ಹಿಡ್ದದ್ ಎಂತಕ್ಕೆ, ಹೆಣೆ?"

ಜಲಜ ಬಲೆಯನ್ನು ನೀರಿನಿಂದ ಮೇಲೆತ್ತದೆ ಹಿಡಿದುಕೊಂಡಳು.

"ದೊಡ್ಡ್ ಮೀನೆಲ್ಲ ಗಿರಾಕಿಗೆ ಹೋಯ್ತ್. ನಿಂಗೆ ಯಾವತ್ತೂ ಬುಟ್ಟಿಯಡಿದ್ ಚೂರೇ ಬೇಯ್ಸಿ ಹಾಕ್ದೆ. ಇದೊಂದ್ ನಾನೇ ಹಿಡ್ದದ್ದ್" ಎಂದರು ಬಾಗಿಯಮ್ಮ.

ಜಲಜ ದಂಡೆಯ ಎರಡೂ ಕಡೆ ನೋಡಿದಳು. "ಯಾರೂ ಇಲ್ಲ. ತಕಂಡ್ ಹೋಪ" ಎಂದಳು ಮೆಲ್ಲಗೆ.

ಬಾಗಿಯಮ್ಮ ಹೆಬ್ಬೆರಳಿನಿಂದ ಮೀನಿನ ಹೊಟ್ಟೆ ಒತ್ತಿ ನೋಡಿದರು. ಮೊಟ್ಟೆ ತುಂಬಿತ್ತು. ನನ್ನನ್ನು ಅದರ ತುಟಿಯಿಂದ ಬಿಡಿಸಿದರು. ನಾನು ಸಲೀಸಾಗಿ ಹೊರಬಂದೆ. ಮೀನನ್ನು ಹರಿವಿಗೆದುರಾಗಿ ನೀರಿನಲ್ಲಿ ಹಿಡಿದುಕೊಂಡರು. ಅದಕ್ಕೆ ಉಸಿರು ಮರಳಿತು, ಬಾಲ ಆಡಿತು, ಹೋಯಿತು. ಬಾಗಿಯಮ್ಮನ ಕೈಗಳು ಮಾತ್ರ ಆಮೇಲೂ ನೀರಿನಲ್ಲೇ ಇದ್ದವು. ಅತ್ತರೋ ನಕ್ಕರೋ ನನಗೆ ಗೊತ್ತಾಗಲಿಲ್ಲ.

ಈಗ ನಾನು ಜಲಜಳ ಅಡುಗೆಮನೆಯ ಗೋಡೆಯಲ್ಲಿ, ತೂಗುಹಾಕಿದ ಅವಳ ಟೋಪಿಗೆ ಚುಚ್ಚಿಕೊಂಡಿದ್ದೇನೆ. ಕೂದಲು ಉದುರಿದೆ, ಮೈಗೆ ತುಕ್ಕು ಹಿಡಿದಿದೆ. ಪ್ರತಿ ಸೆಪ್ಟೆಂಬರಿನಲ್ಲೂ ಗಂಗೊಳ್ಳಿಯಿಂದ ಫೋನು ಬರುತ್ತದೆ.

"ನಮ್ಮ್ ಮೀನ್ ಬಂತಾ?"

"ಬಂತ್ ಅಮ್ಮ" ಎನ್ನುತ್ತಾಳೆ ಜಲಜ.

ಹೊಳೆಯ ತುಂಬ ಮೀನು. ಅದೇ ಎಂದು ಇವಳಿಗೆ ಹೇಗೆ ಗೊತ್ತು? ಕಚ್ಚಿಸಿಕೊಂಡ ನನಗೇ ಗೊತ್ತಿಲ್ಲ. ಆದರೂ ಅವಳು ಹಾಗೆಂದಾಗ ಆಚೆಯಿಂದ ಒಂದು ನಿಟ್ಟುಸಿರು ಕೇಳುತ್ತದೆ, ಹೊರೆ ಇಳಿಸಿದವರ ಹಾಗೆ.